ಚಂದ್ರ ಸೂರ್ಯನಿಗಿಂತ ಮೇಲಿದ್ದರೆ ಗ್ರಹಣ ಹೆಂಗಾಗುತ್ತೆ?

"ಮೇಡಂ, ನಮ್ಮಜ್ಜಿ ಓದೋ ಭಾಗವತದಾಗೆ ಚಂದ್ರ ಸೂರ್ಯನಿಗಿಂತ ಮ್ಯಾಲೈತಂತೆ. ಹಂಗಿದ್ರೆ ಗ್ರಹಣ ಹೆಂಗಾಗುತ್ತೆ?"

ವಿಜ್ಞಾನ ದಿನದ ಕಾರ್ಯಕ್ರಮ ಮುಗಿದು ಶಾಮಿಯಾನ ಬಿಚ್ಚುತ್ತಿದ್ದರು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹತ್ತಿರ ಬಂದು, ಯಾರಿಗೂ ಕೇಳಿಸದ ಹಾಗೆ ಮೆಲ್ಲಗೆ ಕೇಳಿದ ಪ್ರಶ್ನೆ ಇದು. ಅದಕ್ಕೂ ಅರ್ಧ ಗಂಟೆ ಮೊದಲು ಮುಖ್ಯ ಅತಿಥಿಗಳು ಅದೇ ವೇದಿಕೆಯಲ್ಲಿ ನಿಂತು, "ಭೂಮಿ ಸೂರ್ಯನನ್ನು ಸುತ್ತುತ್ತದೆ ಅಂತ ಕೋಪರ್ನಿಕಸ್ ಹೇಳುವುದಕ್ಕೆ ಸಾವಿರಾರು ವರ್ಷ ಮೊದಲೇ ನಮ್ಮ ವೇದದಲ್ಲಿ ಬರೆದಿದೆ" ಎಂದಿದ್ದರು. ಮಕ್ಕಳು ಜೋರಾಗಿ ಚಪ್ಪಾಳೆ ಹೊಡೆದರು. ನಾನೂ ವೇದಿಕೆಯ ಮೇಲೆಯೇ ಕೂತಿದ್ದೆ. ಕರೆದ ಅತಿಥಿಗೆ ಎದುರಾಡುವುದು ಮರ್ಯಾದೆಯಲ್ಲ ಎಂದು ಬಾಯಿ ಬಿಡಲಿಲ್ಲ. ಆ ಹುಡುಗಿ ಕೇಳಿದ ಮೇಲೆ, ಅವತ್ತು ಸುಮ್ಮನೆ ಕೂತದ್ದು ತಪ್ಪು ಅನ್ನಿಸುತ್ತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ವೇದ ಪುರಾಣಗಳನ್ನು ಹೀಯಾಳಿಸುವವಳು ನಾನಲ್ಲ. ಹುಟ್ಟಿ ಬೆಳೆದದ್ದು ಚಿತ್ರದುರ್ಗದ ಕೋಟೆ ಬುಡದ ಓಣಿಯಲ್ಲಿ. ಅಪ್ಪ ಪಂಚಾಂಗ ನೋಡುವವರು, ಮೂರು ಹೊತ್ತೂ ಸಂಧ್ಯಾವಂದನೆ ತಪ್ಪಿಸಿದವರಲ್ಲ. 1980ರ ಫೆಬ್ರವರಿ 16, ಶನಿವಾರ. ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಕಡೆ ಪೂರ್ಣ ಸೂರ್ಯಗ್ರಹಣ, ನಮ್ಮಲ್ಲಿ ಬಹುಪಾಲು. ಮಧ್ಯಾಹ್ನವೇ ಓಣಿಯ ಬಾಗಿಲೆಲ್ಲ ಮುಚ್ಚಿದ್ದವು. ಅಮ್ಮ ಉಪ್ಪಿನಕಾಯಿ ಭರಣಿಯ ಮೇಲೂ ದರ್ಭೆ ಇಟ್ಟಿದ್ದಳು. ಅಪ್ಪ ಮಾತ್ರ ಒದ್ದೆ ಪಂಚೆಯಲ್ಲೇ ಅಂಗಳದಲ್ಲಿ ಕೂತು, ಹಿತ್ತಾಳೆ ಪರಾತದ ಸಗಣಿ ನೀರಿನಲ್ಲಿ ಸೂರ್ಯನ ಬಿಂಬ ನೋಡುತ್ತಿದ್ದರು. ಒಂದು ಕೈಯಲ್ಲಿ ಎಚ್‌ಎಂಟಿ ವಾಚು, ತೊಡೆಯ ಮೇಲೆ ಪಂಚಾಂಗ. ಸ್ಪರ್ಶ, ಮಧ್ಯ, ಮೋಕ್ಷ ಎಂದು ಅಚ್ಚಾಗಿದ್ದ ಮೂರೂ ಹೊತ್ತಿನ ಪಕ್ಕದಲ್ಲಿ ಪೆನ್ಸಿಲ್ಲಿನಿಂದ ತಾವು ಕಂಡ ಹೊತ್ತನ್ನು ಬರೆದರು. ಸ್ಪರ್ಶದ ಎದುರಿಗೆ "2 ನಿಮಿಷ ತಡ" ಎಂದಿದೆ. ಮೋಕ್ಷವಾದ ಮೇಲೆ ಮತ್ತೆ ಸ್ನಾನ ಮಾಡಿ ಜಪಕ್ಕೆ ಕೂತರು. ಆ ಪಂಚಾಂಗ ಇವತ್ತಿಗೂ ನನ್ನ ಬೀರುವಿನಲ್ಲಿದೆ. ಈ ಬರಹ ಆ ಪೆನ್ಸಿಲ್ಲಿನ ಪರವಾಗಿ.

ಈಗ ವಿಷಯಕ್ಕೆ ಬರುತ್ತೇನೆ. ವೇದದಲ್ಲಿ ಸೂರ್ಯಕೇಂದ್ರ ಸಿದ್ಧಾಂತವಿದೆ ಎನ್ನುವವರು ಸಾಮಾನ್ಯವಾಗಿ ಮುಂದಿಡುವ ಮಂತ್ರವನ್ನು, ಮನೆಯಲ್ಲಿ ನವಗ್ರಹ ಪೂಜೆ ಮಾಡಿಸಿದವರೆಲ್ಲ ಕೇಳಿಯೇ ಇರುತ್ತೀರಿ. ಋಗ್ವೇದದ ಮೊದಲ ಮಂಡಲದ 35ನೇ ಸೂಕ್ತ: "ಆ ಕೃಷ್ಣೇನ ರಜಸಾ ವರ್ತಮಾನೋ ನಿವೇಶಯನ್ನಮೃತಂ ಮರ್ತ್ಯಂ ಚ, ಹಿರಣ್ಯಯೇನ ಸವಿತಾ ರಥೇನಾ ದೇವೋ ಯಾತಿ ಭುವನಾನಿ ಪಶ್ಯನ್." ಇದರ "ಆಕೃಷ್ಣೇನ" ಎಂದರೆ ಆಕರ್ಷಣೆ, ಅಂದರೆ ಗುರುತ್ವಾಕರ್ಷಣೆ, ಸೂರ್ಯ ಗ್ರಹಗಳನ್ನೆಲ್ಲ ಸೆಳೆದು ಹಿಡಿದಿದ್ದಾನೆ ಎನ್ನುವುದು ವಾದ. ಆದರೆ ಮಂತ್ರದ ಪದಗಳನ್ನು ಬಿಡಿಸಿ ಹೇಳುವ ಪದಪಾಠದಲ್ಲಿ "ಆ" ಬೇರೆ, "ಕೃಷ್ಣೇನ" ಬೇರೆ. ಕೃಷ್ಣೇನ ರಜಸಾ ಎಂದರೆ ಕಪ್ಪಾದ ಅಂತರಿಕ್ಷದ ಮೂಲಕ. ಕತ್ತಲ ಆಕಾಶದಲ್ಲಿ ಸಾಗುತ್ತ, ಅಮರರನ್ನೂ ಮರ್ತ್ಯರನ್ನೂ ಅವರವರ ನೆಲೆಯಲ್ಲಿಡುತ್ತ, ಚಿನ್ನದ ರಥದಲ್ಲಿ ಲೋಕಗಳನ್ನೆಲ್ಲ ನೋಡುತ್ತ ಸವಿತೃ ದೇವ ಬರುತ್ತಾನೆ. "ದೇವೋ ಯಾತಿ". ಹೋಗುವವನು ಸೂರ್ಯ. ಭೂಮಿ ಸುತ್ತುವ ಮಾತು ಈ ಮಂತ್ರದಲ್ಲಿಲ್ಲ.

ಇನ್ನೊಂದು ಸಂಗತಿ ನನಗೆ ಅಪ್ಪನಿಂದ ತಿಳಿದದ್ದು. ಕೃಷ್ಣ ಯಜುರ್ವೇದದವರು ಇದೇ ಮಂತ್ರವನ್ನು "ಆಸತ್ಯೇನ ರಜಸಾ ವರ್ತಮಾನೋ" ಎಂದು ಹೇಳುತ್ತಾರೆ. ನಮ್ಮ ಕಡೆ ಗೃಹಪ್ರವೇಶಗಳಲ್ಲಿ ಹೆಚ್ಚಾಗಿ ಕಿವಿಗೆ ಬೀಳುವ ಪಾಠ ಅದೇ. ಅಲ್ಲಿ "ಕೃಷ್ಣೇನ" ಎಂಬ ಪದವೇ ಇಲ್ಲ. ಹಾಗಾದರೆ ಯಜುರ್ವೇದಿಗಳ ಮನೆಯಲ್ಲಿ ಗುರುತ್ವಾಕರ್ಷಣೆ ಇಲ್ಲವೇ? ಒಂದು ಅಕ್ಷರಕ್ಕೆ ನೇತುಹಾಕಿದ ಸಿದ್ಧಾಂತ ಪಾಠಾಂತರವಾದ ಕೂಡಲೇ ಕಳಚಿ ಬೀಳುತ್ತದೆ. ಮಂತ್ರಕ್ಕೆ ಮಾತ್ರ ಏನೂ ಆಗುವುದಿಲ್ಲ. ಮುಂಜಾನೆ ಕತ್ತಲಲ್ಲಿ ಕೋಟೆ ಹತ್ತಿ, ಬಂಡೆಗಳ ಹಿಂದಿನಿಂದ ಕೆಂಪು ಏರುವುದನ್ನು ಒಮ್ಮೆ ನೋಡಿದವರಿಗೆ "ಕಪ್ಪು ಅಂತರಿಕ್ಷದಲ್ಲಿ ಚಿನ್ನದ ರಥ" ಎಂದರೆ ಏನೆಂದು ವಿವರಿಸಬೇಕಿಲ್ಲ. ಕಂಡದ್ದನ್ನು ಕಂಡ ಹಾಗೆ ಹಾಡಿದವನ ಕವಿತೆ ಅದು. ಅದನ್ನು ಭೌತಶಾಸ್ತ್ರದ ಪಾಠ ಎಂದು ಓದಿದರೆ ಕವಿತೆಯೂ ಸಿಗುವುದಿಲ್ಲ, ಪಾಠವೂ ಸಿಗುವುದಿಲ್ಲ.

ಎರಡನೆಯದು ಐತರೇಯ ಬ್ರಾಹ್ಮಣ ಎಂಬ ವೈದಿಕ ಗ್ರಂಥದ ಮಾತು: "ಸ ವಾ ಏಷ ನ ಕದಾಚನಾಸ್ತಮೇತಿ ನೋದೇತಿ." ಸೂರ್ಯ ಯಾವತ್ತೂ ಮುಳುಗುವುದಿಲ್ಲ, ಹುಟ್ಟುವುದೂ ಇಲ್ಲ. ವಾಟ್ಸಾಪಿನಲ್ಲಿ ಬರುವುದು ಇಷ್ಟೇ, ಮುಂದಿನ ಸಾಲನ್ನು ಯಾರೂ ಕಳಿಸುವುದಿಲ್ಲ. ಮೂಲದಲ್ಲಿ ಮುಂದೆ ಹೀಗಿದೆ: ಜನ ಅವನು ಮುಳುಗಿದ ಎಂದುಕೊಂಡಾಗ, ಅವನು ಹಗಲಿನ ಕೊನೆ ಮುಟ್ಟಿ ತನ್ನನ್ನು ತಾನೇ ತಿರುಗಿಸಿಕೊಳ್ಳುತ್ತಾನೆ, ಕೆಳಗಡೆ ರಾತ್ರಿ ಮಾಡುತ್ತಾನೆ, ಆಚೆ ಕಡೆ ಹಗಲು ಮಾಡುತ್ತಾನೆ. ಅಂದರೆ ಸೂರ್ಯನಿಗೆ ಬೆಳಕಿನದೊಂದು ಮಗ್ಗುಲು, ಕತ್ತಲೆಯದೊಂದು ಮಗ್ಗುಲು. ಹೊತ್ತು ಮುಗಿದಾಗ ಅವನು ಮಗ್ಗುಲು ಬದಲಿಸುತ್ತಾನೆ. ಮುಳುಗಿದ ಸೂರ್ಯ ಬೆಳಿಗ್ಗೆ ಮತ್ತೆ ಮೂಡಣಕ್ಕೆ ಹೇಗೆ ಬಂದ ಎಂಬ ಪ್ರಶ್ನೆಗೆ ಆ ಕಾಲದವರು ತಲೆ ಕೆಡಿಸಿಕೊಂಡು ಹುಡುಕಿದ ಉತ್ತರ ಅದು. ಆ ಪ್ರಶ್ನೆಯ ಮೇಲೆ ನನಗೆ ಅಪಾರ ಗೌರವವಿದೆ. ಆದರೆ ಇದರಲ್ಲೂ ಸುತ್ತುವವನು ಸೂರ್ಯನೇ.

"ಜಗತ್" ಎಂದರೆ ಚಲಿಸುವುದು, ಆದ್ದರಿಂದ ಭೂಮಿ ಚಲಿಸುತ್ತದೆಂದು ಹಿಂದಿನವರಿಗೆ ಗೊತ್ತಿತ್ತು ಎನ್ನುವವರೂ ಇದ್ದಾರೆ. ಅಮರಕೋಶದಲ್ಲಿ ಭೂಮಿಯ ಹೆಸರುಗಳು ಶುರುವಾಗುವುದೇ "ಭೂರ್ಭೂಮಿರಚಲಾನಂತಾ ರಸಾ ವಿಶ್ವಂಭರಾ ಸ್ಥಿರಾ" ಎಂದು. ಅಚಲಾ ಎಂದರೆ ಅಲುಗಾಡದವಳು, ಸ್ಥಿರಾ ಎಂದರೆ ನಿಂತವಳು. ಹೆಸರಿನಿಂದ ಖಗೋಳ ತೀರ್ಮಾನವಾಗುವುದಾದರೆ ಯಾವ ಹೆಸರನ್ನು ಹಿಡಿಯೋಣ?

ಆ ಹುಡುಗಿಯ ಅಜ್ಜಿ ಓದಿದ್ದು ನಿಜ. ಭಾಗವತದ ಪಂಚಮ ಸ್ಕಂಧದಲ್ಲಿ ಸೂರ್ಯನಿಂದ ಒಂದು ಲಕ್ಷ ಯೋಜನ ಮೇಲೆ ಚಂದ್ರ ಎಂದೇ ಇದೆ. ವಿಷ್ಣುಪುರಾಣದಲ್ಲೂ ಮೊದಲು ಸೂರ್ಯಮಂಡಲ, ಅದರ ಮೇಲೆ ಚಂದ್ರಮಂಡಲ. ಪುರಾಣದ ಭೂಮಂಡಲವನ್ನು ನಮ್ಮ ಮಕ್ಕಳಿಗೆ ವಿವರಿಸುವುದು ಸುಲಭ, ಏಳು ಸುತ್ತಿನ ಕೋಟೆಯನ್ನು ನೆನೆಸಿಕೊಂಡರೆ ಸಾಕು. ನಡುವೆ ಮೇರು ಪರ್ವತ, ಅದರ ಸುತ್ತ ಜಂಬೂದ್ವೀಪ, ಅದನ್ನು ಬಳಸಿ ಉಪ್ಪಿನ ಕಡಲು, ಮತ್ತೆ ದ್ವೀಪ, ಮತ್ತೆ ಕಡಲು. ಹೀಗೆ ಒಂದರ ಸುತ್ತ ಒಂದು ಏಳು ದ್ವೀಪ, ಏಳು ಕಡಲು. ಕಬ್ಬಿನ ಹಾಲು, ತುಪ್ಪ, ಮೊಸರು, ಹಾಲಿನವೂ ಅದರಲ್ಲಿ ಸೇರಿವೆ. ಸೂರ್ಯನ ರಥ ಮೇರುವನ್ನು ಸುತ್ತುತ್ತದೆ. ಈ ಚಿತ್ರದಲ್ಲಿ ಚಂದ್ರ ಬಂದು ಸೂರ್ಯನನ್ನು ಮರೆಮಾಡಲು ಸಾಧ್ಯವೇ ಇಲ್ಲ, ಅದಕ್ಕೇ ಗ್ರಹಣಕ್ಕೆ ರಾಹು ಬೇಕು. ಹುಡುಗಿ ಕೇಳಿದ್ದು ಸರಿಯಾಗಿ ಈ ಜಾಗದಲ್ಲಿ.

ಅವಳೇ ಮೊದಲಲ್ಲ. ಕ್ರಿ.ಶ. 499ರಲ್ಲಿ 23 ವರ್ಷದ ಹುಡುಗನೊಬ್ಬ ಇದಕ್ಕೆ ಉತ್ತರ ಬರೆದಿಟ್ಟ. "ಛಾದಯತಿ ಶಶೀ ಸೂರ್ಯಂ, ಶಶಿನಂ ಮಹತೀ ಚ ಭೂಚ್ಛಾಯಾ." ಚಂದ್ರ ಸೂರ್ಯನನ್ನು ಮುಚ್ಚುತ್ತಾನೆ, ಭೂಮಿಯ ದೊಡ್ಡ ನೆರಳು ಚಂದ್ರನನ್ನು ಮುಚ್ಚುತ್ತದೆ. ರಾಹುವಿನ ಹೆಸರೆತ್ತದೆ, ಒಂದೇ ಸಾಲಿನಲ್ಲಿ, ಆರ್ಯಭಟ. ಅವನ ಆರ್ಯಭಟೀಯದ ಅದೇ ಭಾಗದಲ್ಲಿ, ಗೋಲಪಾದದಲ್ಲಿ, ಇನ್ನೊಂದು ಶ್ಲೋಕವಿದೆ: ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮರಗಳು ಹಿಂದೆ ಓಡಿದಂತೆ ಕಾಣುವ ಹಾಗೆ, ನಿಂತಿರುವ ನಕ್ಷತ್ರಗಳು ಪಶ್ಚಿಮಕ್ಕೆ ಓಡುವಂತೆ ಕಾಣುತ್ತವೆ. ತಿರುಗುವುದು ಭೂಮಿ. ಅವನ ಲೆಕ್ಕದಲ್ಲಿ 43,20,000 ವರ್ಷದ ಒಂದು ಮಹಾಯುಗಕ್ಕೆ ಭೂಮಿ 1,58,22,37,500 ಸುತ್ತು ತಿರುಗುತ್ತದೆ. ಭಾಗಿಸಿ ನೋಡಿದರೆ ಒಂದು ಸುತ್ತಿಗೆ 23 ಗಂಟೆ 56 ನಿಮಿಷ 4.1 ಸೆಕೆಂಡು. ಇವತ್ತಿನ ಅಳತೆಯೂ ಅಷ್ಟೇ. ಹತ್ತನೇ ಕ್ಲಾಸಿನ ಮಕ್ಕಳಿಗೆ ಈ ಭಾಗಾಕಾರವನ್ನು ಬೋರ್ಡಿನ ಮೇಲೆ ಮಾಡಿಸುತ್ತೇನೆ. ಉತ್ತರ ಬಂದಾಗ ಕ್ಲಾಸು ಒಂದು ಕ್ಷಣ ಸದ್ದೇ ಇಲ್ಲದೆ ಕೂರುತ್ತದೆ.

ಆರ್ಯಭಟ ಹೇಳಿದ್ದು ಭೂಮಿ ತನ್ನ ಸುತ್ತ ತಾನು ತಿರುಗುತ್ತದೆ ಎಂದು. ಸೂರ್ಯನನ್ನು ಸುತ್ತುತ್ತದೆ ಎಂದಲ್ಲ. ಅವನ ಲೆಕ್ಕದಲ್ಲೂ ಭೂಮಿ ನಡುವೆ, ಗ್ರಹಗಳು ಸುತ್ತ. ಅವನು ಹೇಳದ್ದನ್ನು ಅವನ ಬಾಯಿಗೆ ತುರುಕಿದರೆ ಅವನು ಹೇಳಿದ್ದು ಮರೆಯಾಗುತ್ತದೆ. ಹೇಳಿದ್ದಕ್ಕೂ ಅವನು ಕಡಿಮೆ ಮಾತು ಕೇಳಲಿಲ್ಲ. ಭೂಮಿ ತಿರುಗಿದರೆ ಗೂಡು ಬಿಟ್ಟು ಹಾರಿದ ಹಕ್ಕಿ ಮತ್ತೆ ಗೂಡಿಗೆ ಬರುವುದು ಹೇಗೆ ಎಂದ ವರಾಹಮಿಹಿರ. ತಿರುಗಿದರೆ ಎತ್ತರದ ವಸ್ತುಗಳು ಯಾಕೆ ಬೀಳುವುದಿಲ್ಲ ಎಂದ ಬ್ರಹ್ಮಗುಪ್ತ, 628ರಲ್ಲಿ. ಎಂಟನೇ ಶತಮಾನದ ಲಲ್ಲ, ಭೂಮಿ ಸಮತಟ್ಟಾಗಿದ್ದರೆ ಎತ್ತರದ ತಾಳೆಮರಗಳೂ ದೂರದಿಂದ ಯಾಕೆ ಕಾಣುವುದಿಲ್ಲ ಎಂದು ಪುರಾಣದ ಚಪ್ಪಟೆ ಭೂಮಿಯನ್ನೇ ಪ್ರಶ್ನಿಸಿದ. ಇವರೆಲ್ಲ ದೇವರನ್ನು ನಂಬಿದವರೇ. ವೇದದಲ್ಲಿ ಮೊದಲೇ ಎಲ್ಲ ಇದ್ದಿದ್ದರೆ ಇವರು ಇಷ್ಟು ಜಗಳವಾಡುವ ಅಗತ್ಯವಿತ್ತೇ?

ದೂರದ ಲೆಕ್ಕದ ವಿಷಯಕ್ಕೆ ಬರಲೇಬೇಕು, ಯಾಕೆಂದರೆ ಪ್ರತಿ ಹನುಮ ಜಯಂತಿಗೆ ಅದೇ ಫಾರ್ವರ್ಡ್ ಬರುತ್ತದೆ. ಚಾಲೀಸಾದ "ಜುಗ ಸಹಸ್ರ ಜೋಜನ ಪರ ಭಾನು" ಎಂಬ ಸಾಲಿನಲ್ಲಿ ಯುಗ 12,000, ಸಹಸ್ರ 1,000, ಯೋಜನ 8 ಮೈಲಿ. ಗುಣಿಸಿದರೆ 9 ಕೋಟಿ 60 ಲಕ್ಷ ಮೈಲಿ, ಸೂರ್ಯನ ದೂರ ಎನ್ನುತ್ತಾರೆ. ಯುಗಕ್ಕೆ 12,000 ಎಂಬುದು ದೇವಮಾನದ ವರ್ಷಗಳ ಎಣಿಕೆ. ವರ್ಷವನ್ನು ಮೈಲಿಯಿಂದ ಗುಣಿಸಿದರೆ ದೂರ ಬರುವುದಿಲ್ಲ, ಇದನ್ನು ಎಂಟನೇ ಕ್ಲಾಸಿನಲ್ಲೇ ಕಲಿಸುತ್ತೇವೆ. ಇನ್ನು ಯೋಜನ. ಆರ್ಯಭಟನ ಪ್ರಕಾರ ಭೂಮಿಯ ವ್ಯಾಸ 1,050 ಯೋಜನ, ಸೂರ್ಯಸಿದ್ಧಾಂತ ಎಂಬ ಹಳೆಯ ಖಗೋಳ ಗ್ರಂಥದ ಪ್ರಕಾರ 1,600 ಯೋಜನ. ನಿಜವಾದ ವ್ಯಾಸ 12,742 ಕಿಲೋಮೀಟರ್. ಹಾಗಾಗಿ ಒಬ್ಬರ ಯೋಜನ ಸುಮಾರು 12 ಕಿಲೋಮೀಟರ್, ಇನ್ನೊಬ್ಬರದು ಸುಮಾರು 8. ಮೊದಲನೆಯದನ್ನು ಹಿಡಿದರೆ ಫಾರ್ವರ್ಡಿನ ಲೆಕ್ಕ ಹತ್ತಿರ ಬರುತ್ತದೆ, ಎರಡನೆಯದನ್ನು ಹಿಡಿದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತಪ್ಪುತ್ತದೆ. ಯಾವುದನ್ನು ಹಿಡಿಯಬೇಕೆಂದು ಹೇಳಬಲ್ಲವರು ಉತ್ತರ ಮೊದಲೇ ಗೊತ್ತಿದ್ದವರು ಮಾತ್ರ. ಬಾಲ ಹನುಮ ಅಷ್ಟು ದೂರದ ಸೂರ್ಯನನ್ನು ಸಿಹಿ ಹಣ್ಣೆಂದು ನುಂಗಲು ಹಾರಿದ ಎಂಬ ಭಕ್ತಿಗೆ ಈ ಗುಣಾಕಾರ ಏನನ್ನೂ ಕೂಡಿಸುವುದಿಲ್ಲ.

ಅದೇ ಸೂರ್ಯಸಿದ್ಧಾಂತವನ್ನು ಮರ್ಯಾದೆಯಿಂದ ಬಿಡಿಸಿ ಓದಿದರೆ ಏನು ಸಿಗುತ್ತದೆ ನೋಡಿ. ಚಂದ್ರನ ಕಕ್ಷೆ 3,24,000 ಯೋಜನ. ಭೂಮಿಯ ವ್ಯಾಸದಿಂದ ಯೋಜನದ ಅಳತೆ ತೆಗೆದು ಲೆಕ್ಕ ಹಾಕಿದರೆ ಚಂದ್ರ ಸುಮಾರು 4,10,000 ಕಿಲೋಮೀಟರ್ ದೂರ. ಇವತ್ತಿನ ಸರಾಸರಿ ಅಳತೆ 3,84,400. ದುರ್ಬೀನು ಇಲ್ಲದ ಕಾಲದಲ್ಲಿ! ಸೂರ್ಯನ ಕಕ್ಷೆ 43,31,500 ಯೋಜನ. ಅದರಿಂದ ಸೂರ್ಯ ಸುಮಾರು 55 ಲಕ್ಷ ಕಿಲೋಮೀಟರ್ ದೂರ ಎಂದಾಗುತ್ತದೆ. ನಿಜವಾಗಿ ಇರುವುದು 14 ಕೋಟಿ 96 ಲಕ್ಷ, ಅಂದರೆ 27 ಪಟ್ಟು ತಪ್ಪು. ಯಾಕೆ ತಪ್ಪಿತು ಎಂಬುದೇ ನನಗೆ ಬಲು ಇಷ್ಟವಾದ ಪಾಠ. ಎಲ್ಲ ಗ್ರಹಗಳೂ ದಿನಕ್ಕೆ ಒಂದೇ ಸಮನಾದ ಯೋಜನ ನಡೆಯುತ್ತವೆ ಎಂದು ಅವರು ಹಿಡಿದರು. ಚಂದ್ರ ಒಂದು ಸುತ್ತಿಗೆ 27 ದಿನ ಚಿಲ್ಲರೆ ತೆಗೆದುಕೊಂಡರೆ ಸೂರ್ಯ 365 ದಿನ ಚಿಲ್ಲರೆ, ಆದ್ದರಿಂದ ಸೂರ್ಯ ಸುಮಾರು 13 ಪಟ್ಟು ದೂರ. ಚಂದ್ರನ ದೂರ ನೋಡಿ ಅಳೆಯಲು ಬರುವಂಥದ್ದು, ಅದು ಹತ್ತಿರ ಬಂತು. ಸೂರ್ಯನದು ಊಹೆಯ ಮೇಲೆ ನಿಂತದ್ದು, ತಪ್ಪಿತು. ಮುಖ್ಯವಾದದ್ದು, ಈ ಲೆಕ್ಕದಲ್ಲಿ ಚಂದ್ರ ಸೂರ್ಯನಿಗಿಂತ ಕೆಳಗಿದ್ದಾನೆ. ಪುರಾಣ ಹೇಳಿದ್ದನ್ನು ಜ್ಯೋತಿಷಿಗಳು ಆಗಲೇ ಬದಿಗಿಟ್ಟಿದ್ದರು, ಮನೆಯಲ್ಲಿ ಪುರಾಣ ಓದುತ್ತಲೇ.

ಸಾಯಣರ ವಿಷಯ ಒಂದೇ ಮಾತು. ಬುಕ್ಕರಾಯನ ಕಾಲದಲ್ಲಿ ವೇದಭಾಷ್ಯ ಬರೆದ ಮಹಾ ಪಂಡಿತರು. ಅರ್ಧ ನಿಮೇಷದಲ್ಲಿ (ನಿಮೇಷ ಎಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು) 2,202 ಯೋಜನ ಎಂದು ಅವರು ಉದ್ಧರಿಸಿದ್ದನ್ನು ಬೆಳಕಿನ ವೇಗ ಎನ್ನುತ್ತಾರೆ. ಅಷ್ಟು ಯೋಜನ "ನಡೆಯುವವನೇ, ನಿನಗೆ ನಮಸ್ಕಾರ" ಎಂದು ಆ ಶ್ಲೋಕ ಹೇಳುವುದು ಸೂರ್ಯನಿಗೆ. ಹಂಪಿಯ ಆ ವಿದ್ವಾಂಸರನ್ನು ಅವರು ಮಾಡಿದ ಕೆಲಸಕ್ಕೇ ನೆನೆಯೋಣ.

ನಮ್ಮ ದೇಶದಲ್ಲಿ ಸೂರ್ಯಕೇಂದ್ರಕ್ಕೆ ತೀರ ಹತ್ತಿರ ಬಂದವರು ಯಾರೆಂದು ಮಕ್ಕಳಿಗೆ ಹೇಳುವವರೇ ಇಲ್ಲ. ಕೇರಳದಲ್ಲಿ ಪರಮೇಶ್ವರ ಎಂಬವರು 55 ವರ್ಷ ಗ್ರಹಣಗಳನ್ನೂ ಗ್ರಹಗಳನ್ನೂ ನೋಡಿ, ಹಳೆಯ ಲೆಕ್ಕ ಆಕಾಶಕ್ಕೆ ಹೊಂದುತ್ತಿಲ್ಲವೆಂದು 1431ರಲ್ಲಿ ದೃಗ್ಗಣಿತವನ್ನು ಬರೆದರು. ಅದೇ ಪರಂಪರೆಯ ನೀಲಕಂಠ ಸೋಮಯಾಜಿ, 1500ರ ಹೊತ್ತಿಗೆ, ಬುಧ ಶುಕ್ರರ ಲೆಕ್ಕವನ್ನು ತಿದ್ದಿದರು. ಬುಧ, ಶುಕ್ರ, ಕುಜ, ಗುರು, ಶನಿ ಐದೂ ಸೂರ್ಯನನ್ನು ಸುತ್ತುತ್ತವೆ, ಸೂರ್ಯ ಭೂಮಿಯನ್ನು ಸುತ್ತುತ್ತಾನೆ ಎಂಬಲ್ಲಿಗೆ ಬಂದರು. ಕೋಪರ್ನಿಕಸನ ಪುಸ್ತಕ ಬಂದದ್ದು 1543ರಲ್ಲಿ. ಸೋಮಯಾಜಿ ಎಂದರೆ ಸೋಮಯಾಗ ಮಾಡಿದವರು, ವೇದ ಬಾಯಿಗೆ ಬರುತ್ತಿದ್ದವರು. ಆದರೂ "ಇದು ವೇದದಲ್ಲಿದೆ" ಎಂದು ಅವರು ಕೈತೊಳೆದುಕೊಳ್ಳಲಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಲೆಕ್ಕ ಹೊಂದಬೇಕು, ಹೊಂದದಿದ್ದರೆ ತಿದ್ದಬೇಕು ಎಂದು ವಾದಿಸಿದರು. ಅವರ ಹೆಸರನ್ನು ಆ ವೇದಿಕೆಯಿಂದ ಹೇಳಿದ್ದರೆ ನಾನೇ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ. "ಎಲ್ಲ ಮೊದಲೇ ಬರೆದಿತ್ತು" ಎಂದುಬಿಟ್ಟರೆ ಆ 55 ವರ್ಷದ ರಾತ್ರಿಗಳಿಗೆ ಏನು ಬೆಲೆ?

ಇದು ನಮ್ಮ ಧರ್ಮದವರ ಕಷ್ಟ ಮಾತ್ರವಲ್ಲ. ಬೈಬಲ್ಲಿನ ಯೆಹೋಶುವ ಸೂರ್ಯನಿಗೆ "ನಿಲ್ಲು" ಎಂದನಂತೆ, ಆದ್ದರಿಂದ ಚಲಿಸುವವನು ಸೂರ್ಯನೇ ಎಂದು 1616ರಲ್ಲಿ ಚರ್ಚಿನವರು ಕೋಪರ್ನಿಕಸನ ಪುಸ್ತಕವನ್ನು ತಡೆದರು, 1633ರಲ್ಲಿ ಗೆಲಿಲಿಯೋಗೆ ಶಿಕ್ಷೆ ಕೊಟ್ಟರು. ಅದೇ ಬೈಬಲ್ಲಿಗೂ ಕೋಪರ್ನಿಕಸನಿಗೂ ಹೊಂದುತ್ತದೆ ಎಂದು ಫೊಸ್ಕಾರಿನಿ ಎಂಬ ಪಾದ್ರಿ 1615ರಲ್ಲೇ ಬರೆದಿದ್ದರು. ಒಂದೇ ಗ್ರಂಥ, ಎರಡು ಕಡೆಯವರೂ ಸಾಕ್ಷಿಗೆ ಕರೆದರು. ಕುರ್‌ಆನಿನಲ್ಲಿ ಸೂರ್ಯ ಚಂದ್ರರು ತಮ್ಮ ತಮ್ಮ ಪಥದಲ್ಲಿ ಈಜುತ್ತಾರೆ ಎಂಬ ಮಾತನ್ನೂ ಹೀಗೇ ಎಳೆದಾಡುತ್ತಾರೆ. ಶಾಸ್ತ್ರವನ್ನು ಸೌರಮಂಡಲಕ್ಕೆ ಸಾಕ್ಷಿ ಮಾಡಿದ ಕಡೆಯೆಲ್ಲ ಕೊನೆಗೆ ನಷ್ಟವಾದದ್ದು ಶಾಸ್ತ್ರದ ಮಾನಕ್ಕೇ. ನಾಳೆ ವಿಜ್ಞಾನ ಒಂದು ಅಂಕಿ ತಿದ್ದಿಕೊಂಡರೆ ನಾವು ಮಂತ್ರದ ಅರ್ಥವನ್ನೂ ತಿದ್ದಬೇಕೇ? ನನಗೆ ಅದು ಬೇಡ. ಅಪ್ಪ ಕೊಡುತ್ತಿದ್ದ ಅರ್ಘ್ಯಕ್ಕೆ ಕಿಲೋಮೀಟರಿನ ಲೆಕ್ಕ ಬೇಕಿರಲಿಲ್ಲ.

ನಮ್ಮೂರಿನ ಮಕ್ಕಳಿಗೆ ಹೆಮ್ಮೆ ಪಡಲು ನಿಜವಾದ ಸಂಗತಿಗಳೇ ಬೇಕಾದಷ್ಟಿವೆ. ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋದವರು ಚಂದ್ರನ ನೆಲದಲ್ಲಿರುವಂಥ ಕುಳಿಗಳನ್ನು ತೋಡಿ, ಲ್ಯಾಂಡರಿನ ಉಪಕರಣಗಳನ್ನು ಪರೀಕ್ಷಿಸಿದರು. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದಾಗ ನಾನು ಟೀವಿ ಮುಂದೆ ಕೂತು ಅತ್ತಿದ್ದೇನೆ. ಕುರಿ ಮೇಯುವ ನಮ್ಮ ಕಾವಲಿಗೂ ಚಂದ್ರನಿಗೂ ನಂಟು ಬೆಳೆದಿದೆ, ಇದನ್ನು ಹೇಳಿ ಮಕ್ಕಳಿಗೆ.

ಹುಡುಗಿಗೆ ನಾನು ಕೊಟ್ಟ ಉತ್ತರ ಸಣ್ಣದು. 2019ರ ಡಿಸೆಂಬರ್ 26ರ ಬೆಳಿಗ್ಗೆ ಮಂಗಳೂರಿನ ಕಡೆ ಕಂಕಣ ಗ್ರಹಣವಾದಾಗ ಇಲ್ಲಿ ದಾವಣಗೆರೆಯಲ್ಲಿ ಪಾರ್ಶ್ವ ಗ್ರಹಣವಿತ್ತು. ನಮ್ಮ ಬೀದಿಯ ಬೇವಿನ ಮರದ ಕೆಳಗೆ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲಿನ ಒಂದೊಂದು ಚುಕ್ಕೆಯೂ ಕುಡುಗೋಲಿನ ಆಕಾರಕ್ಕೆ ತಿರುಗಿತ್ತು. ನೂರಾರು ಕುಡುಗೋಲು, ನೆಲದ ತುಂಬ. ಆಗ ಫೋನಿನಲ್ಲಿ ತೆಗೆದ ಫೋಟೋವನ್ನು ಅವಳಿಗೆ ತೋರಿಸಿದೆ. "ಸೂರ್ಯನ ಮುಂದೆ ಏನೋ ದುಂಡಗಿರೋದು ಬಂದು ನಿಂತೈತೆ, ಅದಕ್ಕೆ ಹಿಂಗೆ ಕಾಣುತ್ತೆ. ಮುಂದೆ ಬಂದಿದ್ದು ಹತ್ತಿರದ್ದೋ ದೂರದ್ದೋ?" ಎಂದೆ. "ಹತ್ತಿರದ್ದು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಜ್ಜಿಗೆ ಏನ್ ಹೇಳ್ಲಿ ಮೇಡಂ?" ಎಂದಳು. ಅಜ್ಜಿ ಓದುವುದನ್ನು ಬಿಡಿಸಬೇಡ, ನೀನೂ ಪಕ್ಕ ಕೂತು ಕೇಳು, ಈ ಫೋಟೋ ಅವರಿಗೂ ತೋರಿಸು ಎಂದೆ.

ಮರುದಿನ ಅಪ್ಪನ ಪಂಚಾಂಗ ತಂದು ತೋರಿಸಿದೆ. ಪೆನ್ಸಿಲ್ಲಿನ ಗುರುತು ಮಾಸಿದೆ, ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. "2 ನಿಮಿಷ ತಡ" ಎಂಬುದನ್ನು ಅವಳು ಎರಡು ಸಲ ಓದಿದಳು. ನಮ್ಮ ಕಡೆ ಮುಂದಿನ ಕಂಕಣ ಗ್ರಹಣ ಯಾವಾಗ ಎಂದು ಕೇಳಿದಳು. 2031ರ ಮೇ 21ಕ್ಕೆ ಕೇರಳ, ತಮಿಳುನಾಡಿನ ಮೇಲೆ ಕಂಕಣ ಗ್ರಹಣ ಹಾದುಹೋಗುತ್ತದೆ, ನಮ್ಮಲ್ಲಿ ಪಾರ್ಶ್ವ ಕಾಣುತ್ತದೆ, ಬರಿಗಣ್ಣಲ್ಲಿ ಮಾತ್ರ ನೋಡಬೇಡ ಎಂದೆ. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಾರೀಕು ಬರೆದುಕೊಂಡು, ಅದರ ಕೆಳಗೆ ಸ್ಪರ್ಶ, ಮಧ್ಯ, ಮೋಕ್ಷ ಎಂದು ಮೂರು ಸಾಲು ಗೆರೆ ಹಾಕಿ ಜಾಗ ಬಿಟ್ಟಳು.